ನಲವತ್ತೊಂದು ಸೊಟ್ಟ ನಾಣ್ಯಗಳು

ಇಸ್ತಮಣ್ಣನ ಕೈಗೆ ಯಾರಾದರೂ ಪಿಯಾಲಾ ಕೊಟ್ಟರೆ ಅವನು ಮೊದಲು ಚಹಾ ಕುಡಿಯುತ್ತಿರಲಿಲ್ಲ. ಬಟ್ಟಲನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಸುತ್ತ ತಿರುಗಿಸಿ, ಅಂಚು ನೆಟ್ಟಗಿದೆಯೇ, ಹತ್ತಿಹೂವಿನ ಚಿತ್ರಗಳು ಸಾಲಾಗಿ ಕೂತಿವೆಯೇ ಎಂದು ನೋಡಿ, ಆಮೇಲೆ ತಳ ನೋಡುತ್ತಿದ್ದ. ಒಳಗೆ ಚಹಾ ಇದೆಯೆಂಬುದು ಅವನಿಗೆ ನೆನಪಾಗುತ್ತಿದ್ದುದು ತೊಡೆ ಸುಟ್ಟ ಮೇಲೆ. ಅವನ ಹೆಂಡತಿ ಸವ್ರಿ ನೆಂಟರ ಮನೆಗೆ ಹೊರಟಾಗಲೆಲ್ಲ ಗಂಡನಿಗೊಂದು ಹೆಚ್ಚಿನ ಪ್ಯಾಂಟು ಮಡಿಸಿ ಚೀಲದಲ್ಲಿ ಇಟ್ಟುಕೊಳ್ಳುತ್ತಿದ್ದಳು.

ತಪ್ಪು ಅವನದಲ್ಲ. ಮೂವತ್ತೊಂದು ವರ್ಷ ಅವನು ಪಿಂಗಾಣಿ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿದ್ದವನು. ಆಗಿನ ಕಾಲದಲ್ಲಿ ಒಂದು ಸೊಟ್ಟ ಪಿಯಾಲಾ ಆ ಗೇಟು ದಾಟಿದ್ದಿಲ್ಲ. ಅರ್ಧ ಭೂಮಂಡಲದ ಜನ ತನ್ನ ಅಪ್ಪಣೆ ಪಡೆದೇ ಚಹಾ ಕುಡಿದರು ಎಂದು ಅವನ ನಂಬಿಕೆ. ಆಮೇಲೆ ದೇಶವೇ ಒಡೆದು ಹದಿನೈದು ಚೂರಾಯಿತು, ಕಾರ್ಖಾನೆಗೆ ಬೀಗ ಬಿತ್ತು. ಕೊನೆಯ ದಿನ ಅವನು ಜೇಬಿನಲ್ಲಿ ಹಾಕಿಕೊಂಡು ಬಂದದ್ದು ಒಂದೇ ಒಂದು ಮೊಹರು: ‘ತಿರಸ್ಕೃತ’. ‘ಮೊದಲ ದರ್ಜೆ’ ಎಂಬ ಇನ್ನೊಂದು ಮೊಹರು ನಿರ್ದೇಶಕರ ಮೇಜಿನೊಳಗೇ ಉಳಿಯಿತು. ಹಾಗಾಗಿ ನಿವೃತ್ತ ಜೀವನದಲ್ಲಿ ಅವನಿಗೆ ತಿರಸ್ಕರಿಸುವುದು ಬಿಟ್ಟರೆ ಬೇರೆ ದಾರಿಯಿರಲಿಲ್ಲ.

ಆ ವರ್ಷಗಳನ್ನು ನೆನೆದರೆ ಈಗಲೂ ಮನಸ್ಸು ಹಗುರಾಗುತ್ತದೆ. ಕೈಯಲ್ಲಿ ಕಾಸಿರಲಿಲ್ಲ, ಆದರೆ ನಮ್ಮ ಬುಖಾರಾದ ಓಣಿಯಲ್ಲಿ ಎಲ್ಲರ ಬಾಗಿಲೂ ತೆರೆದಿರುತ್ತಿತ್ತು. ಕೊಳದ ಪಕ್ಕದ ಹಿಪ್ಪುನೇರಳೆ ಮರಗಳ ಕೆಳಗೆ ಗಂಡಸರು ದಿನವಿಡೀ ಮಂಚದ ಮೇಲೆ ಕಾಲು ಮಡಿಸಿ ಕೂತು ಚಹಾ ಹೀರುತ್ತಿದ್ದರು. ಹೊರದೇಶದ ಪ್ರವಾಸಿಗಳು ಬರತೊಡಗಿದ್ದರು. ಅವರಿಗೆ ಹಳೆಯದೆಂದರೆ ಹುಚ್ಚು. ಅಜ್ಜಿಯರ ಪೆಟ್ಟಿಗೆಯ ತಳದಲ್ಲಿ ಬಿದ್ದಿದ್ದ ಹಿಂದೆ ಊರನ್ನಾಳಿದ ಅಮೀರರ ಕಾಲದ ಬೆಳ್ಳಿ ತಂಗಾ ನಾಣ್ಯಗಳಿಗೆ ಇದ್ದಕ್ಕಿದ್ದಂತೆ ಮರ್ಯಾದೆ ಬಂತು. ಮರ್ಯಾದೆ ಬಂದಲ್ಲಿಗೆ ಖೋಟಾ ಬಾರದೆ ಇರುತ್ತದೆಯೇ, ಅದೂ ಬಂತು.

ಅಮೀರರ ಟಂಕಸಾಲೆಯಲ್ಲಿ ಬೆಳ್ಳಿಯ ಬಿಲ್ಲೆಯನ್ನು ಅಚ್ಚಿನ ಮೇಲಿಟ್ಟು ಒಬ್ಬ ಮನುಷ್ಯ ಸುತ್ತಿಗೆಯಿಂದ ಹೊಡೆಯುತ್ತಿದ್ದ. ಒಂದು ಏಟು ಎಡಕ್ಕೆ ಬಿದ್ದರೆ ಇನ್ನೊಂದು ಬಲಕ್ಕೆ. ಹೀಗಾಗಿ ಒಂದು ತಂಗಾ ಇನ್ನೊಂದರ ಹಾಗೆ ಇರುವುದಿಲ್ಲ. ಅರ್ಧ ಬರಹ ನಾಣ್ಯದ ಮೇಲಿದ್ದರೆ ಉಳಿದರ್ಧ ಗಾಳಿಯಲ್ಲಿ. ಇದು ನಮ್ಮ ಓಣಿಯ ಅಜ್ಜಿಯರಿಗೆಲ್ಲ ಗೊತ್ತಿದ್ದ ಸಂಗತಿ. ಆದರೆ ಇಸ್ತಮಣ್ಣ ಅಜ್ಜಿಯಾಗಿರಲಿಲ್ಲ, ಇನ್‌ಸ್ಪೆಕ್ಟರಾಗಿದ್ದ.

ಒಂದು ದಿನ ಕೊಳದ ಬಳಿ ಕ್ಷೌರಿಕ ಹಿಕ್ಮತ್ ತನ್ನ ತಂಗಾ ಹೊರತೆಗೆದ. ಅವನ ತಾತ ಅಮೀರರಿಗೆ ಗಡ್ಡ ಕೆರೆದದ್ದಕ್ಕೆ ಅಮೀರರು ಸ್ವಂತ ಕೈಯಿಂದ ಕೊಟ್ಟ ನಾಣ್ಯ ಅದು. ಕಥೆಯನ್ನು ನಾವೆಲ್ಲ ನಾನೂರು ಸಲ ಕೇಳಿದ್ದೆವು. ನಾನೂರ ಒಂದನೆಯ ಸಲಕ್ಕೂ ಯಾರ ತಕರಾರೂ ಇರಲಿಲ್ಲ. ಆದರೆ ಅಂದು ಇಸ್ತಮಣ್ಣ ಕೈ ಚಾಚಿ ನಾಣ್ಯ ಇಸಿದುಕೊಂಡ. ಕನ್ನಡಕ ಏರಿಸಿದ. ಅಂಚು ನೋಡಿದ, ಮಧ್ಯ ನೋಡಿದ, ತಳ ನೋಡಿದ.

“ಅಂಚು ಸೊಟ್ಟ. ಬರಹ ಮಧ್ಯಕ್ಕಿಲ್ಲ. ದಪ್ಪ ಒಂದು ಕಡೆ ಹೆಚ್ಚು, ಒಂದು ಕಡೆ ಕಮ್ಮಿ,” ಎಂದ. “ಹಿಕ್ಮತ್, ಬೇಜಾರು ಮಾಡ್ಕೋಬೇಡ. ರಾಜನ ಟಂಕಸಾಲೇಲಿ ಇಂಥ ಮಾಲು ಪಾಸಾಗಲ್ಲ. ಇದು ಖೋಟಾ.”

ಪಗಡೆಯಾಡುತ್ತಿದ್ದವರ ಕೈ ನಿಂತಿತು. ಹಿಕ್ಮತನ ಮುಖ ಬಿಳಿಚಿಕೊಂಡಿತು. ಮೂರು ತಲೆಮಾರಿನ ಹೆಮ್ಮೆ ಒಂದು ಬಟ್ಟಲು ಚಹಾ ಆರುವುದರೊಳಗೆ ಮುಗಿದಿತ್ತು. ಯಾರಾದರೂ ಒಂದು ಮಾತು ಆಡಬಹುದಿತ್ತು. ಆಡಲಿಲ್ಲ, ಯಾಕೆಂದರೆ ಇಸ್ತಮಣ್ಣ ಸರ್ಕಾರಿ ಕೆಲಸದಲ್ಲಿದ್ದವನು, ಕನ್ನಡಕ ಬೇರೆ ಹಾಕಿದ್ದ.

ಪಕ್ಕದ ಮಂಚದಲ್ಲಿ ನಾರ್ಮತ್ ಎಂಬವನು ಕೂತಿದ್ದ. ಬಜಾರಿನ ಗುಮ್ಮಟದ ಕೆಳಗೆ ಹೊಸದಾಗಿ ಜಮಖಾನ ಹಾಸಿ ನಾಣ್ಯ ಮಾರುತ್ತಿದ್ದ, ಎರಡು ಚಿನ್ನದ ಹಲ್ಲಿನ ವ್ಯಾಪಾರಿ. ಅವನು ಎದ್ದು ಬಂದು, ಎದೆಯ ಮೇಲೆ ಕೈಯಿಟ್ಟು ಬಾಗಿ, ಜೇಬಿನಿಂದ ಹತ್ತು ತಂಗಾ ತೆಗೆದು ಸಾಲಾಗಿ ಜೋಡಿಸಿದ. ಹತ್ತೂ ದುಂಡಗೆ, ಹತ್ತೂ ಒಂದೇ ಗಾತ್ರ, ಹತ್ತರ ಬರಹವೂ ಮಧ್ಯದಲ್ಲಿ. ಇಸ್ತಮಣ್ಣ ನೋಡಿದ, ನೋಡಿದ, ಅವನ ಕಣ್ಣು ತುಂಬಿ ಬಂತು. ಕಾರ್ಖಾನೆ ಮುಚ್ಚಿದ ಮೇಲೆ ಒಂದಕ್ಕೊಂದು ಹೊಂದುವ ಹತ್ತು ವಸ್ತುಗಳನ್ನು ಅವನು ಕಂಡದ್ದು ಅದೇ ಮೊದಲು.

“ಮೊದಲ ದರ್ಜೆ,” ಎಂದ.

“ಅಣ್ಣಾ, ಇಂಥ ಕಣ್ಣು ಈ ಊರಲ್ಲಿ ಇನ್ನೂ ಉಳಿದಿದೆ ಅಂತ ನಂಗೆ ಗೊತ್ತಿರ್ಲಿಲ್ಲ,” ಎಂದ ನಾರ್ಮತ್. ಇದೊಂದು ಮಾತು ಅವನು ನಿಜ ಹೇಳಿದ್ದು.

ಮರುದಿನದಿಂದ ಗುಮ್ಮಟದ ಕೆಳಗೆ ನಾರ್ಮತನ ಪಕ್ಕದಲ್ಲಿ ಒಂದು ಸಣ್ಣ ಮೇಜು, ಒಂದು ಭೂತಗನ್ನಡಿ, ಮತ್ತು ಟೈ ಕಟ್ಟಿದ ಇಸ್ತಮಣ್ಣ. ತಪಾಸಣೆ ಉಚಿತ. ಊರಿನ ಜನ ಅಜ್ಜಿಯ ಪೆಟ್ಟಿಗೆ ಬಗೆದು, ತೊಟ್ಟಿಲಿಗೆ ಕಟ್ಟಿದ್ದನ್ನು ಬಿಚ್ಚಿ, ಮಕ್ಕಳ ಟೋಪಿಗೆ ಹೊಲಿದಿದ್ದನ್ನು ಕತ್ತರಿಸಿ ತಂದರು. ಅವನು ಒಂದೊಂದನ್ನೂ ಸಾವಧಾನವಾಗಿ ನೋಡಿ, ಚೀಟಿ ಬರೆದು, ‘ತಿರಸ್ಕೃತ’ ಎಂದು ಮೊಹರು ಒತ್ತಿ, ಸಹಿ ಹಾಕಿ ಕೊಡುತ್ತಿದ್ದ. ಸತ್ತವರ ಮನೆಗೆ ಹೋದವನ ಹಾಗೆ ಮುಖ ಸಣ್ಣದು ಮಾಡಿಕೊಂಡು ಕೊಡುತ್ತಿದ್ದ, ಅಷ್ಟು ಒಳ್ಳೆಯವನು. ಅವರು ಕಂಗೆಟ್ಟು ತಿರುಗಿದರೆ ಪಕ್ಕದಲ್ಲೇ ನಾರ್ಮತ್. ಪಾಪ, ಖೋಟಾ ಆದರೇನಂತೆ, ಕರಗಿಸಿದರೆ ಏನೋ ಒಂದಿಷ್ಟು ಲೋಹ ಸಿಕ್ಕೀತು ಎಂದು ಕನಿಕರದಿಂದ ಕೊಂಡುಕೊಳ್ಳುತ್ತಿದ್ದ. ಹಿಕ್ಮತನೂ ಅಮೀರರ ನಾಣ್ಯವನ್ನು ಅವನ ಅಂಗೈಗೆ ಹಾಕಿ, ತಿರುಗಿ ನೋಡದೆ ಹೋದ. ಅಂದಿನಿಂದ ಅವನ ಅಂಗಡಿಯಲ್ಲಿ ಗಿರಾಕಿಗಳ ಗಡ್ಡ ಮೌನವಾಗಿ ಹೋಗುತ್ತಿತ್ತು.

ಓಣಿಯ ನೆಮ್ಮದಿಯೂ ಅದರೊಂದಿಗೇ ಹೋಯಿತು. ಒಂದು ಮನೆಯಲ್ಲಿ ಅತ್ತೆ, ನಲವತ್ತು ವರ್ಷದ ಹಿಂದೆ ಸೊಸೆಯ ತವರಿನವರು ಖೋಟಾ ಕೊಟ್ಟು ಮೋಸ ಮಾಡಿದರೆಂದು ಹೊಸದಾಗಿ ಜಗಳ ತೆಗೆದಳು. ಆ ಸೊಸೆಗೆ ಆಗಲೇ ಮೊಮ್ಮಕ್ಕಳಿದ್ದರು. ಇನ್ನೊಬ್ಬರು ತಂಗಾ ಬಿಟ್ಟು ಸತ್ತ ಚಿಕ್ಕಪ್ಪನನ್ನು ನೆನೆಸಿಕೊಳ್ಳುವುದನ್ನೇ ನಿಲ್ಲಿಸಿದರು. ಮೊಹಲ್ಲಾದ ಹಿರಿಯರಾದ ವಫೊ ತಾತ ರಾಜಿ ಮಾಡಿಸಿ ಮಾಡಿಸಿ ಗಂಟಲು ಕಟ್ಟಿಸಿಕೊಂಡರು. ಸವ್ರಿ ಮಾತ್ರ ಒಂದು ಪ್ರಶ್ನೆ ಕೇಳಿದಳು. ಊರಿನ ಎಲ್ಲರ ಮನೆಯದೂ ಖೋಟಾ, ಹೊರಗಿನಿಂದ ಬಂದ ಒಬ್ಬನದು ಮಾತ್ರ ಅಸಲಿ, ಇದು ಹೇಗೆ? ಗುಣಮಟ್ಟ ಯಾವತ್ತೂ ಅಪರೂಪವೇ ಎಂದು ಇಸ್ತಮಣ್ಣ ಗಂಭೀರವಾಗಿ ಉತ್ತರಿಸಿ, ಟೈ ಬಿಗಿ ಮಾಡಿಕೊಂಡ.

ಇಷ್ಟರಲ್ಲಿ ಅವನ ಮಗ ಅಸ್ರೊರನ ಮದುವೆ ಗೊತ್ತಾಯಿತು. ಮದುವೆಯೆಂದರೆ ನಮ್ಮ ಓಣಿಯಲ್ಲಿ ಅನ್ಬರ್ ಅಜ್ಜಿಯ ಜಡೆಸರ. ನಲವತ್ತೊಂದು ತಂಗಾಗಳಿಗೆ ಕೊಂಡಿ ಹಾಕಿ ಕಪ್ಪು ರೇಷ್ಮೆ ದಾರದಲ್ಲಿ ಪೋಣಿಸಿದ ಸರ ಅದು. ಓಣಿಗೆ ಸೊಸೆಯಾಗಿ ಬಂದವಳು ಮದುವೆಯ ಮರುದಿನ ಬೆಳಿಗ್ಗೆ ಅದನ್ನು ಜಡೆಗೆ ಕಟ್ಟಿಕೊಂಡು, ಮುಸುಕು ಹಾಕಿ, ಅಂಗಳದಲ್ಲಿ ಹಾಡುವವಳು ಒಬ್ಬೊಬ್ಬ ಹಿರಿಯರ ಹೆಸರು ಹಾಡಿದ ಹಾಗೆ ಒಂದೊಂದು ಸಲ ಬಾಗಿ ಸಲಾಮು ಮಾಡಬೇಕು. ಪ್ರತಿ ಸಲ ಬಾಗಿದಾಗಲೂ ಜಡೆಯಿಂದ ಝಲ್ ಎಂಬ ಸದ್ದು. ಆ ಸದ್ದಾಗದೆ ಯಾವ ಹೆಣ್ಣೂ ಈ ಓಣಿಯ ಸೊಸೆಯಾದದ್ದಿಲ್ಲ. ಸವ್ರಿಯೂ ಅದನ್ನು ಕಟ್ಟಿಕೊಂಡೇ ಬಾಗಿದ್ದಳು. ಅಜ್ಜಿಗೆ ಮಕ್ಕಳಿಲ್ಲ. ಕಣ್ಣು ಹೋಗಿ ಹತ್ತು ವರ್ಷವಾಗಿತ್ತು. ಸರವನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತಿದ್ದಳು. ಅದೇ ಅವಳ ಸಂಸಾರ.

ಇಸ್ತಮಣ್ಣ ಭೂತಗನ್ನಡಿ ಹಿಡಿದು ಅಜ್ಜಿಯ ಮನೆಗೆ ಹೋದ. ನಲವತ್ತೊಂದರಲ್ಲಿ ಒಂದಕ್ಕೊಂದು ಹೋಲುವ ಎರಡು ಸಿಗಲಿಲ್ಲ. ಊರಿಗೆಲ್ಲ ತಪಾಸಣೆ ಮಾಡುವವನ ಮನೆಯ ಸೊಸೆ ನಲವತ್ತೊಂದು ಖೋಟಾ ಕಟ್ಟಿಕೊಂಡು ಬಾಗುವುದೆಂದರೇನು? ನಾರ್ಮತ್ ದೊಡ್ಡ ಮನಸ್ಸು ಮಾಡಿದ. ಅಣ್ಣನ ಮನೆಯ ಮದುವೆ, ಅಜ್ಜಿಯ ಸರ ತನಗೆ ಕೊಟ್ಟುಬಿಡಲಿ, ಬದಲಿಗೆ ನಲವತ್ತೊಂದು ಮೊದಲ ದರ್ಜೆಯವು, ಕೊಂಡಿ ಸಮೇತ, ಒಂದು ಕಾಸೂ ಬೇಡ ಎಂದ. ಈ ಉದಾರತೆಗೆ ಇಸ್ತಮಣ್ಣ ಅವನನ್ನು ಅಪ್ಪಿಕೊಂಡ. ಅಜ್ಜಿಯನ್ನು ಒಪ್ಪಿಸಲು ಮೂರು ದಿನ ಹಿಡಿಯಿತು. ಕೊನೆಗೆ ಅವಳು, ಓಣಿಯ ಹೆಣ್ಣುಮಕ್ಕಳಿಗೆ ಇಷ್ಟು ವರ್ಷ ಖೋಟಾ ಕಟ್ಟಿಸಿದ ಪಾಪ ತನಗೆ ಬೇಡ ಎಂದು ಅತ್ತು ಒಪ್ಪಿದಳು.

ಮದುವೆಗೆ ನಾಲ್ಕು ದಿನವಿತ್ತು. ಇಸ್ತಮಣ್ಣನ ಅಂಗಳದಲ್ಲಿ ದಸ್ತರಖಾನು ಹಾಸಿ, ರೊಟ್ಟಿ, ಒಣದ್ರಾಕ್ಷಿ ಇಟ್ಟು ಎಲ್ಲರೂ ಕೂತರು. ಸಾಕ್ಷಿಗೆ ವಫೊ ತಾತ. ನಾರ್ಮತ್ ಗಂಟು ಬಿಚ್ಚಿ ತನ್ನ ನಲವತ್ತೊಂದನ್ನು ಅಜ್ಜಿಯ ಮಡಿಲಿಗೆ ಸುರಿದ. ಅಜ್ಜಿ ತನ್ನ ಸರವನ್ನು ಕೊಡುವ ಮುಂಚೆ ಹೊಸಬರನ್ನು ಒಂದು ಸಲ ಮುಟ್ಟಿ ನೋಡುತ್ತೇನೆ ಎಂದಳು. ಒಂದೊಂದನ್ನೇ ಎತ್ತಿ, ಹೆಬ್ಬೆರಳಿನಿಂದ ಸವರಿ, ಪಕ್ಕಕ್ಕಿಟ್ಟಳು. ಹತ್ತಾದ ಮೇಲೆ ಕೈ ನಿಂತಿತು.

“ಇಸ್ತಮ್, ನೀನು ನಲವತ್ತೊಂದು ಅಂದೆ. ಇಲ್ಲಿ ಒಂದೇ ಇದೆಯಲ್ಲಪ್ಪ.”

“ಅಜ್ಜಿ, ಸರಿಯಾಗಿ ಎಣಿಸಿ. ನಲವತ್ತೊಂದಿದೆ.”

“ಎಣಿಸೋದು ಬೇರೆ ಕಣೋ. ನನ್ನವು ಕತ್ತಲಲ್ಲೂ ಇದು ಇಂಥದ್ದು ಅಂತ ಗೊತ್ತಾಗ್ತವೆ. ಒಂದಕ್ಕೆ ತುಟಿ ಹರಿದಿದೆ, ಒಂದು ಗೂನು, ಒಂದರ ಬೆನ್ನು ತೆಳು. ಇವು ಹಾಗಲ್ಲ. ಒಬ್ಬನೇ ನಲವತ್ತೊಂದು ಸಲ ಬಂದು ಕೂತ್ಕೊಂಡಿದಾನೆ.”

ನಾರ್ಮತ್ ನಕ್ಕ. ಅಣ್ಣ ಹೇಳುವ ಗುಣಮಟ್ಟ ಅಂದರೆ ಇದೇ ಎಂದ. ಇಸ್ತಮಣ್ಣನೂ ಹೆಮ್ಮೆಯಿಂದ ತಲೆಯಾಡಿಸಿ, ಗುಣಮಟ್ಟವೆಂದರೇನು ಎಂದು ವಫೊ ತಾತನಿಗೆ ತೋರಿಸಲು ಭೂತಗನ್ನಡಿ ಹಿಡಿದ. ನಾಣ್ಯದ ಮೂರನೆಯ ಅಕ್ಷರದ ಕೆಳಗೆ ಸಾಸಿವೆಗಿಂತ ಸಣ್ಣದೊಂದು ಗುಳ್ಳೆ ಕಂಡಿತು. ಪರವಾಗಿಲ್ಲ, ಮಾನವ ಸಹಜ ದೋಷ ಎಂದು ಇನ್ನೊಂದನ್ನು ಎತ್ತಿದ. ಮೂರನೆಯ ಅಕ್ಷರ, ಅದೇ ಗುಳ್ಳೆ. ಮತ್ತೊಂದು, ಅದೇ. ಏಳನೆಯದರಲ್ಲೂ ಅದೇ.

ಕಾರ್ಖಾನೆಯಲ್ಲಿ ಒಂದು ಸಲ ಸಾವಿರದ ಇನ್ನೂರು ಪಿಯಾಲಾಗಳ ಅಂಚಿನೊಳಗೆ ಒಂದೇ ಜಾಗದಲ್ಲಿ ಒಂದು ಗುಳ್ಳೆ ಬಂದಿತ್ತು. ಕೆಲಸಗಾರರನ್ನು ಬೈಯಲು ಹೊರಟ ನಿರ್ದೇಶಕರನ್ನು ತಡೆದವನು ಇಸ್ತಮಣ್ಣನೇ. ಕೈ ತಪ್ಪಿದರೆ ಒಂದೊಂದು ಸಲ ಒಂದೊಂದು ಕಡೆ ತಪ್ಪುತ್ತದೆ. ಒಂದೇ ತಪ್ಪು ಒಂದೇ ಜಾಗದಲ್ಲಿ ಬಂದರೆ ತಪ್ಪು ಕೈಯದಲ್ಲ, ಎರಕದ ಅಚ್ಚಿನದು ಎಂದು ಅಚ್ಚನ್ನು ಒಡೆಸಿದ್ದ. ಅದಕ್ಕೆ ಪ್ರಶಸ್ತಿಪತ್ರ ಸಿಕ್ಕಿತ್ತು, ಈಗಲೂ ಗೋಡೆಯ ಮೇಲಿತ್ತು.

ಅವನು ನಿಧಾನವಾಗಿ ಕನ್ನಡಕ ತೆಗೆದ.

“ನಾರ್ಮತ್, ಇವು ಹೊಡೆದ ನಾಣ್ಯ ಅಲ್ಲ. ಎರಕ ಹೊಯ್ದಿದ್ದು. ನಲವತ್ತೊಂದೂ ಒಂದೇ ಅಚ್ಚಿನಲ್ಲಿ,” ಎಂದ. ಆಮೇಲೆ ಇನ್ನೂ ಮೆಲ್ಲಗೆ, “ಹಂಗಾದ್ರೆ ನಾನು ತಿರಸ್ಕರಿಸಿದ್ದೆಲ್ಲ...” ಎಂದು ಅಲ್ಲಿಗೇ ನಿಲ್ಲಿಸಿದ.

ನಾರ್ಮತನಿಗೆ ಇದ್ದಕ್ಕಿದ್ದಂತೆ ಬಸ್ಸಿನ ಹೊತ್ತು ನೆನಪಾಯಿತು. ಅಜ್ಜಿಯ ಸರದ ಕಡೆ ಚಾಚಿದ್ದ ಅವನ ಕೈ ಮೇಲೆ ವಫೊ ತಾತ ಊರುಗೋಲು ಇಟ್ಟರು. ಬಲವಾಗಿ ಏನಲ್ಲ, ಆದರೆ ಎತ್ತಲೂ ಇಲ್ಲ. ಅವನು ಗಂಟನ್ನೂ ಬಿಟ್ಟು ಬರಿಗೈಯಲ್ಲಿ ಹೋದ. ಮರುದಿನ ಗುಮ್ಮಟದ ಕೆಳಗೆ ಅವನ ಜಾಗದಲ್ಲಿ ಒಬ್ಬ ಹೆಂಗಸು ಕಾಲುಚೀಲ ಮಾರುತ್ತಿದ್ದಳು. ಅವನು ಕೊಂಡಿದ್ದ ಹತ್ತೊಂಬತ್ತು ಮನೆಗಳ ತಂಗಾಗಳು ಎಂದೋ ಗಡಿ ದಾಟಿದ್ದವು.

ಇಸ್ತಮಣ್ಣ ಠಾಣೆಗೆ ಓಡಿದ. ಲೆಫ್ಟಿನೆಂಟ್ ಶೊದಿ ಸಜ್ಜನ, ಕಾಗದಪತ್ರದಲ್ಲಿ ಬಹಳ ಶಿಸ್ತು. ದೂರು ಕೇಳಿಸಿಕೊಂಡು, ಇಸ್ತಮಣ್ಣನೇ ತಂದಿದ್ದ ಚೀಟಿಗಳ ಪ್ರತಿಗಳನ್ನು ಮೇಜಿನ ಮೇಲೆ ಹರಡಿಕೊಂಡ.

“ಇದು ನಿಮ್ಮ ಸಹಿನಾ?”

“ಹೌದು.”

“ಮೊಹರು?”

“ನಂದೇ.”

“ಇದರ ಪ್ರಕಾರ ಅವನು ತಗೊಂಡು ಹೋಗಿದ್ದೆಲ್ಲ ಖೋಟಾ. ಖೋಟಾ ನಾಣ್ಯ ಊರಿಂದಾಚೆ ಸಾಗಿಸಿದವನಿಗೆ ನಾವು ಬಹುಮಾನ ಕೊಡಬೇಕು ಅಣ್ಣಾ, ಕೇಸು ಹೆಂಗೆ ಹಾಕೋದು?”

ಚೀಟಿ ತಪ್ಪು ಎಂದು ಬರೆದುಕೊಡುತ್ತೇನೆ ಎಂದರೆ, ಹಾಗಾದರೆ ಸುಳ್ಳು ಪ್ರಮಾಣಪತ್ರ ಕೊಟ್ಟದ್ದಕ್ಕೆ ಮೊದಲ ಆರೋಪಿ ನೀವೇ ಎಂದ ಶೊದಿ. ಮದುವೆ ಮುಗಿಸಿಕೊಂಡು ಬನ್ನಿ, ಒಳಗೆ ಹಾಕುವುದಾದರೆ ಆಮೇಲೆ ಹಾಕೋಣ ಎಂದು ಚಹಾ ಕೊಟ್ಟು ಕಳಿಸಿದ. ಇಸ್ತಮಣ್ಣ ಆ ಪಿಯಾಲಾವನ್ನು ತಿರುಗಿಸದೆ ಕುಡಿದ. ಅಂಚು ಸೀಳಿತ್ತು, ತುಟಿಗೆ ಚುಚ್ಚಿತು, ಆದರೂ ಪೂರ್ತಿ ಕುಡಿದ.

ಆಮೇಲೆ ಅವನು ಹತ್ತೊಂಬತ್ತು ಮನೆಗಳ ಬಾಗಿಲಿಗೂ ಹೋದ. ನಿಮ್ಮದು ಅಸಲಿಯಾಗಿತ್ತು, ತಪ್ಪು ನನ್ನದು ಎಂದು ಪ್ರತಿ ಹೊಸ್ತಿಲಲ್ಲೂ ಒಂದೇ ಮಾತು. ಒಬ್ಬಳು ಸೌಟು ಎಸೆದಳು. ಇನ್ನೊಬ್ಬ, ಮೊದಲು ಖೋಟಾ ಅಂದಿದ್ದು ಸುಳ್ಳಾದರೆ ಈಗ ಅಸಲಿ ಅನ್ನುವುದನ್ನು ಹೇಗೆ ನಂಬಲಿ ಎಂದು ತರ್ಕ ಮಾಡಿ ಒಂದು ಗಂಟೆ ನಿಲ್ಲಿಸಿಕೊಂಡ. ಜಗಳವಾಡಿದ್ದ ಅತ್ತೆ ಸೊಸೆ ಒಂದಾಗಿ, ಇಬ್ಬರೂ ಸೇರಿ ಅವನಿಗೆ ಬೈದರು. ಹಿಕ್ಮತ್ ಮಾತ್ರ ಬೈಯಲಿಲ್ಲ. ಕುರ್ಚಿಗೆ ಕೂರಿಸಿ, ಸೋಪು ಹಚ್ಚಿ, ಮದುವೆ ಮನೆಯವನು ಹೀಗೆಲ್ಲ ತಿರುಗಬಾರದು ಎಂದು ಗಡ್ಡ ಕೆರೆದು ಕಳಿಸಿದ. ಇಸ್ತಮಣ್ಣ ಅತ್ತದ್ದು ಆ ಕುರ್ಚಿಯಲ್ಲಿ.

ಮದುವೆಯ ಮರುದಿನ ಬೆಳಿಗ್ಗೆ ಸೊಸೆ ಮೊಹಿ ಸರ ಕಟ್ಟಿಕೊಂಡು ಬಾಗಿದಳು. ನಲವತ್ತೊಂದು ಸೊಟ್ಟ ನಾಣ್ಯಗಳು ಝಲ್ ಎಂದವು. ಹಾಡು ಮುಗಿದ ಮೇಲೆ ಅನ್ಬರ್ ಅಜ್ಜಿ ಸರವನ್ನು ಕೈಗೆ ತೆಗೆದುಕೊಂಡು, ಕತ್ತರಿ ಕೇಳಿದಳು. ಎಲ್ಲರೂ ನೋಡುತ್ತಿದ್ದಂತೆ ರೇಷ್ಮೆ ದಾರ ಕತ್ತರಿಸಿದಳು. ಹತ್ತೊಂಬತ್ತು ಮನೆಗಳ ಹೆಂಗಸರನ್ನು ಒಬ್ಬೊಬ್ಬರಾಗಿ ಕರೆದು ಎರಡೆರಡು ನಾಣ್ಯ ಅಂಗೈಗಿಟ್ಟಳು. ಉಳಿದ ಮೂರನ್ನು ತನ್ನ ತಲೆವಸ್ತ್ರದ ಅಂಚಿಗೆ ಗಂಟು ಹಾಕಿಕೊಂಡಳು.

“ನನ್ನ ದಿಂಬಿನ ಕೆಳಗೆ ಇನ್ನೆಷ್ಟು ದಿನ ಇರ್ತಿತ್ತು ಇದು. ಎಲ್ಲರ ಮನೇಲೂ ಇರ್ಲಿ,” ಎಂದಳು. “ಹೊಸ ಸೊಸೆ ಬಂದಾಗ ಒಂದು ಕಡೆ ತನ್ನಿ. ಇಸ್ತಮ್, ನಿನ್ನ ಮನೆಗೆ ಒಂದೂ ಇಲ್ಲ. ಮನೆಮನೆಗೆ ಹೋಗಿ ತಂದು ಪೋಣಿಸೋದು, ವಾಪಸ್ ಕೊಡೋದು ಮಾತ್ರ ನಿನ್ನ ಕೆಲಸ.”

ಸವ್ರಿಗೆ ತಮ್ಮ ಮನೆಗೆ ಸಿಗಲಿಲ್ಲವೆಂದು ಒಂದು ವಾರ ಮುನಿಸಿತ್ತು. ಇಸ್ತಮಣ್ಣನಿಗೆ ಇರಲಿಲ್ಲ. ಮೂವತ್ತೊಂದು ವರ್ಷ ಸರಿಯಾದವನ್ನು ಕಳಿಸಿ ಸೊಟ್ಟವನ್ನು ಒಡೆದವನು ಈಗ ಸೊಟ್ಟವುಗಳ ಸೇವೆಗೆ ನಿಂತ. ಪ್ರತಿ ಮದುವೆಗೂ ಮಡಿ ಬಟ್ಟೆ ಹಿಡಿದು ಬಾಗಿಲು ಬಾಗಿಲು ತಿರುಗುತ್ತಿದ್ದ. ತುಟಿ ಹರಿದದ್ದು ಯಾರ ಮನೆಯದು, ಗೂನು ಯಾರ ಮನೆಯದು, ಚೀಟಿಯಿಲ್ಲದೆ ಗೊತ್ತು. ಠಾಣೆಯಿಂದ ಯಾರೂ ಕರೆಯಲು ಬರಲಿಲ್ಲ; ಶೊದಿಗೆ ಬೇರೆ ಊರಿಗೆ ವರ್ಗವಾಗಿತ್ತು.

ವರ್ಷಗಳು ಹೋದವು. ಜನ ಊರಾಚೆಯ ಎತ್ತರದ ಮನೆಗಳಿಗೆ ಹೋದರು, ಕೆಲವರು ಇನ್ನೂ ದೂರ ಹೋದರು. ನಾಣ್ಯಗಳು ಮಾತ್ರ ಮದುವೆಗೆ ಯಾರದೋ ಕೈಯಲ್ಲಿ ಬಂದು ಸೇರುತ್ತಿದ್ದವು. ಹಿಕ್ಮತ್ ಒಂದು ಚಳಿಗಾಲವೆಲ್ಲ ಆಸ್ಪತ್ರೆಯಲ್ಲಿದ್ದು ತೀರಿಕೊಂಡ. ಮುಂದಿನ ವಸಂತದಲ್ಲಿ ವಫೊ ತಾತನ ಮೊಮ್ಮಗನ ಮದುವೆ. ಇಸ್ತಮಣ್ಣ ಎಂದಿನಂತೆ ಹಿಕ್ಮತನ ಬಾಗಿಲಿಗೆ ಹೋದ. ಹಿಕ್ಮತನ ಹೆಂಡತಿ ಓಯ್ದಿನ್ ಕರವಸ್ತ್ರದ ಗಂಟು ಬಿಚ್ಚಿ ಎರಡು ತಂಗಾ ಕೊಟ್ಟಳು.

ಒಂದು ಹಳೆಯದು, ಬೆನ್ನು ತೆಳು. ಇನ್ನೊಂದನ್ನು ಕೈಗೆತ್ತಿಕೊಂಡ ಕೂಡಲೇ ಅವನಿಗೆ ಗೊತ್ತಾಯಿತು. ದುಂಡಗಿತ್ತು. ಬರಹ ಮಧ್ಯದಲ್ಲಿತ್ತು. ತೂಕ ಹಗುರ. ಬಜಾರಿನಲ್ಲಿ ಪ್ರವಾಸಿಗಳಿಗೆ ರಾಶಿ ಹಾಕಿ ಮಾರುವಂಥದ್ದು. ಜೀವಮಾನದಲ್ಲಿ ಮೊದಲ ಸಲ ಇಸ್ತಮಣ್ಣ ಭೂತಗನ್ನಡಿಯಿಲ್ಲದೆಯೇ ಒಂದು ಖೋಟಾ ನಾಣ್ಯವನ್ನು ಸರಿಯಾಗಿ ಗುರುತಿಸಿದ್ದ.

ಓಯ್ದಿನ್ ಬಾಗಿಲ ಚೌಕಟ್ಟು ಹಿಡಿದುಕೊಂಡು ಅವನ ಮುಖವನ್ನೇ ನೋಡುತ್ತಿದ್ದಳು. ಅವಳ ಹಿಂದೆ ಗೋಡೆಯ ಪಕ್ಕ ಹಿಕ್ಮತನ ಔಷಧಿಯ ಖಾಲಿ ಬಾಟಲಿಗಳು ಸಾಲಾಗಿ ನಿಂತಿದ್ದವು.

“ಎರಡೂ ನಮ್ಮ ಮನೇವೇ ಅಲ್ವಾ ಅಣ್ಣಾ?” ಎಂದಳು.

“ಇನ್ಯಾರ ಮನೇದಮ್ಮ,” ಎಂದ ಇಸ್ತಮಣ್ಣ. “ನಂಗೆ ಗೊತ್ತಿಲ್ವಾ ಇವು.” ಎರಡನ್ನೂ ಬಟ್ಟೆಯಲ್ಲಿ ಸುತ್ತಿ ಜೇಬಿಗಿಟ್ಟ.

ಮದುವೆಯ ಮರುದಿನ ಹೊಸ ಸೊಸೆ ವಫೊ ತಾತನ ಅಂಗಳದಲ್ಲಿ ಬಾಗಿದಳು. ನಲವತ್ತು ನಾಣ್ಯಗಳು ಝಲ್ ಎಂದವು, ಒಂದು ತಗಡಿನ ಹಾಗೆ ಟಣ್ ಎಂದಿತು. ಅದೇ ಕ್ಷಣಕ್ಕೆ ಇಸ್ತಮಣ್ಣನಿಗೆ ಜೋರಾಗಿ ಕೆಮ್ಮು ಬಂತು. ಎರಡನೆಯ ಸಲ ಬಾಗಿದಳು, ಮತ್ತೆ ಕೆಮ್ಮು. ಮೂರನೆಯ ಸಲವೂ. ಹಾಡುವವಳು ಕೆಕ್ಕರಿಸಿ ನೋಡಿದಳು, ನೆಂಟರು ತಿರುಗಿ ನೋಡಿದರು. ಹೆಂಗಸರ ನಡುವೆ ಓಯ್ದಿನ್ ತಲೆ ತಗ್ಗಿಸಿ ಕೂತಿದ್ದಳು. ಸವ್ರಿ ಬಿಸಿ ಚಹಾ ಹಿಡಿದು ಧಾವಿಸಿ ಬಂದಳು.

“ಇಷ್ಟೊಂದು ಕೆಮ್ಮು ಇಟ್ಕೊಂಡು ಯಾಕ್ರೀ ಬಂದ್ರಿ? ಮನೆಗೆ ಹೋಗಿ ಮಲ್ಕೊಳ್ಳಿ.”

ಇಸ್ತಮಣ್ಣ ಹೋಗಲಿಲ್ಲ. ಸೊಸೆ ಇನ್ನೂ ಹದಿನಾಲ್ಕು ಸಲ ಬಾಗುವುದಿತ್ತು.